ಭಾವ ಊರು ಹುಡುಕಿದ್ದು

ನಮ್ಮ ಭಾವ ಅಕ್ಕನನ್ನು ನೋಡಿ ಒಪ್ಪಲು ತೆಗೆದುಕೊಂಡದ್ದು ಅರ್ಧ ಗಂಟೆ. ಅದರಲ್ಲೂ ಹೆಚ್ಚಿನ ಪಾಲು ಕೇಸರಿಬಾತಿಗೆ ಹೋಯಿತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಆದರೆ ಅದೇ ಅಕ್ಕನ ಜೊತೆ ಸಂಸಾರ ಹೂಡಲು ಒಂದು ಜಾಗ ನೋಡಿ ಒಪ್ಪುವುದಕ್ಕೆ ಅವರಿಗೆ ಎಪ್ಪತ್ತರ ದಶಕ ಹೆಚ್ಚುಕಡಿಮೆ ಪೂರ್ತಿ ಬೇಕಾಯಿತು. ಹೆಂಡತಿಗಿಂತ ಸೈಟು ಮುಖ್ಯವೇ ಎಂದು ನೀವು ಕೇಳಬಹುದು. ನಾವೂ ಕೇಳಿದ್ದೆವು. ಭಾವನ ಹತ್ತಿರ ಉತ್ತರ ಸಿದ್ಧವಾಗಿತ್ತು.

"ಹೆಂಡ್ತಿ ಹೊಂದ್ಕೊಳ್ತಾಳೆ ಕಣಮ್ಮ. ಊರು ಹೊಂದ್ಕೊಳ್ಳುತ್ತಾ?"

ಆಗ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದೆ. ಅಮ್ಮ ಮತ್ತು ನಾನು ಬಸವನಗುಡಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಕ್ಕ ಭಾವ ಇದ್ದದ್ದು ಯಶವಂತಪುರದ ಒಂದು ವಠಾರದಲ್ಲಿ. ರೈಲು ಹಳಿ ಎಷ್ಟು ಹತ್ತಿರವೆಂದರೆ, ಗೂಡ್ಸ್ ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಲೋಟಗಳು ತಮ್ಮ ಜಾಗ ಬಿಟ್ಟು ಪಕ್ಕದ ಡಬ್ಬಿಗಳ ಹತ್ತಿರ ಕಷ್ಟಸುಖ ಮಾತಾಡಲು ಹೋಗುತ್ತಿದ್ದವು. ಭಾವನಿಗೆ ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಆ ಕಾಲದಲ್ಲಿ ಕಾರ್ಖಾನೆಯವರಿಗೆಲ್ಲ ಸೈಟಿನ ಜ್ವರ. ಊಟದ ಡಬ್ಬಿ ತೆರೆದರೆ ಪಲ್ಯದ ವಾಸನೆಯ ಜೊತೆಗೆ ಸೈಟಿನ ಮಾತೂ ಮೇಲೆದ್ದು ಬರುತ್ತಿತ್ತು. ಎಲ್ಲರೂ ಕೇಳುತ್ತಿದ್ದದ್ದು ಮೂಲೆ ಸೈಟಾ, ಪೂರ್ವಕ್ಕೆ ಬಾಗಿಲಾ, ನಲ್ಲಿ ನೀರು ಬರುತ್ತಾ ಎಂದು. ಭಾವ ಮಾತ್ರ ಕೇಳುತ್ತಿದ್ದದ್ದು, "ಅಲ್ಲಿ ಜನ ಹೆಂಗೆ?"

ಜನ ಹೇಗೆ ಎಂದು ಯಾರು ಹೇಳಬೇಕು? ಸೈಟು ಮಾರುವವನ ಬಾಯಲ್ಲಿ ಎಲ್ಲ ಊರಿನ ಜನರೂ ದೇವರಂಥವರೇ. ಅದಕ್ಕೆ ಭಾವ ತಾವೇ ಒಂದು ಪರೀಕ್ಷೆ ಕಂಡುಹಿಡಿದರು. ಭಾನುವಾರ ತಿಂಡಿ ಮುಗಿಸಿ ಸೈಕಲ್ ಹತ್ತುವುದು, ಯಾವುದಾದರೊಂದು ಬಡಾವಣೆಗೆ ಹೋಗುವುದು, ಅಲ್ಲಿ ಸಿಕ್ಕವರ ಹತ್ತಿರ "ಇಲ್ಲಿ ನಂಜುಂಡಯ್ಯನವರ ಮನೆ ಎಲ್ಲಿ?" ಎಂದು ಕೇಳುವುದು. ಈ ನಂಜುಂಡಯ್ಯ ಭಾವನ ತಲೆಯಲ್ಲಿ ಹುಟ್ಟಿದ ಮನುಷ್ಯ. ಮನೆಯಿಲ್ಲ, ಮಠವಿಲ್ಲ. ಇಲ್ಲದವನನ್ನು ಹುಡುಕಲು ಯಾವ ಊರಿನವರು ಎಷ್ಟು ದೂರ ಜೊತೆಗೆ ಬರುತ್ತಾರೋ ಅದು ಅಷ್ಟು ಒಳ್ಳೆಯ ಊರು ಎಂದು ಅವರ ಸಿದ್ಧಾಂತ.

ಊರೊಳಗಿನ ಒಂದು ಗಣ್ಯ ಬಡಾವಣೆಯಲ್ಲಿ ಈ ಪರೀಕ್ಷೆ ಎರಡೇ ನಿಮಿಷಕ್ಕೆ ಮುಗಿಯಿತು. ಒಂದು ಮನೆಯವರು ಕಿಟಕಿಯ ಒಂದು ರೆಕ್ಕೆ ತೆರೆದು, ಗೊತ್ತಿಲ್ಲ ಎಂದು ಹೇಳಿ, ಮುಚ್ಚಿ, ಒಳಗಿನಿಂದ ಚಿಲಕ ಹಾಕಿಕೊಂಡರಂತೆ. ಭಾವನಿಗೆ ನೋವಾದದ್ದು ಆ ಚಿಲಕದಿಂದ.

"ಗೊತ್ತಿಲ್ಲ ಅಂದಿದ್ದು ಸರಿ. ಚಿಲಕ ಯಾಕೆ? ಪಾಪ ನಂಜುಂಡಯ್ಯ ಏನ್ ಮಾಡಿದ್ದ?" ಎಂದು ವಾರವಿಡೀ ಕೇಳುತ್ತಿದ್ದರು.

ಆರ್.ಟಿ. ನಗರದಲ್ಲಿ ಆದದ್ದೇ ಬೇರೆ. ಅಲ್ಲಿ ಒಂದು ಚಿಕ್ಕ ಅಂಗಡಿಯಲ್ಲಿ ಕುಳಿತು ಬಟ್ಟೆ ಹೊಲಿಯುತ್ತಿದ್ದ ದರ್ಜಿ ಸಾಹೇಬರನ್ನು ಭಾವ ಕೇಳಿದರು. ಆತ ಮೆಷಿನ್ ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು, ಅರ್ಧ ಹೊಲಿದ ಷರಟನ್ನು ಮಡಿಸಿಟ್ಟು ಎದ್ದುಬಿಟ್ಟರು.

"ಬನ್ನಿ ಸಾರ್. ಸಿಗದೇ ಎಲ್ ಹೋಗ್ತಾರೆ ಅವ್ರು?"

ಭಾವನಿಗೆ ಒಳಗೊಳಗೇ ಆನಂದ. ದರ್ಜಿ ಸಾಹೇಬರು ಒಂದು ಬೀದಿ ದಾಟಿಸಿದರು, ಇನ್ನೊಂದು ಬೀದಿ ದಾಟಿಸಿದರು, ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರು, ಹಾಲಿನವನನ್ನು ತಡೆದು ನಿಲ್ಲಿಸಿ ಕೇಳಿದರು. ಇನ್ನು ಸಾಕು, ಇವರು ಪಾಸಾದರು ಎಂದು ಭಾವ ಹೊರಡುವುದಕ್ಕೆ ಸರಿಯಾಗಿ ಆತ ಒಂದು ಹಸಿರು ಗೇಟಿನ ಮುಂದೆ ನಿಂತು ಕೂಗಿದರು. "ನಂಜುಂಡಯ್ಯನೋರೇ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದವ್ರೆ."

ಒಳಗಿನಿಂದ ನಿಜವಾದ ನಂಜುಂಡಯ್ಯನವರು, ಪಂಚೆ ಉಟ್ಟುಕೊಂಡು, ಕೈಮುಗಿದುಕೊಂಡು ಬಂದರು.

ಮುಂದಿನದನ್ನು ಭಾವನ ಬಾಯಲ್ಲೇ ಕೇಳಬೇಕು. ಆ ದಿನ ನಂಜುಂಡಯ್ಯನವರ ಮಗಳನ್ನು ನೋಡಲು ಮೈಸೂರಿನ ಕಡೆಯವರು ಬರಬೇಕಾಗಿತ್ತಂತೆ. ಅವರ ಪೈಕಿ ಹಿರಿಯರೊಬ್ಬರು ಮುಂಚೆ ಬಂದಿದ್ದಾರೆ ಎಂದು ಮನೆಯವರು ಭಾವನನ್ನು ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ಭಾವ ಬಾಯಿ ತೆರೆದಾಗಲೆಲ್ಲ ಬೋಂಡ ಬಂತು. ಬೋಂಡ ನುಂಗಿ ಮತ್ತೆ ಬಾಯಿ ತೆರೆದರೆ ಕಾಫಿ ಬಂತು. ಕಾಫಿಯ ಹಿಂದೆಯೇ ಹುಡುಗಿ ಬಂದು ನಮಸ್ಕಾರ ಮಾಡಿದಳು. ಆಗ ಭಾವನಿಗೆ ಬೆವರು ಕಿತ್ತುಕೊಂಡು ಬಂತು. ಇದ್ದದ್ದನ್ನೆಲ್ಲ ಹೇಳಿಬಿಟ್ಟರು. ನಂಜುಂಡಯ್ಯನವರು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿಸಿದರು. ಮೈಸೂರಿನವರು ಸಂಜೆಯವರೆಗೂ ಬರಲೇ ಇಲ್ಲ. ಕೊನೆಗೆ ನಂಜುಂಡಯ್ಯನವರೇ ಕೇಳಿದರು.

"ಹೋಗ್ಲಿ ಬಿಡಿ. ನಿಮ್ಮ ಕಾರ್ಖಾನೇಲಿ ಯಾರಾದ್ರೂ ಒಳ್ಳೇ ಹುಡುಗ ಇದ್ದಾನಾ?"

ಇದ್ದ. ಭಾವನ ಪಕ್ಕದ ಮೆಷಿನ್ನಿನವನೇ ಇದ್ದ. ಮದುವೆಯೂ ಆಯಿತು. ಮದುಮಗನ ಕೋಟು ಹೊಲಿದದ್ದು ಆ ದರ್ಜಿ ಸಾಹೇಬರು. ಸೈಟು ಹುಡುಕಲು ಹೋಗಿ ಸಂಬಂಧ ಕುದುರಿಸಿ ಬಂದವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

"ಅಷ್ಟು ಒಳ್ಳೇ ಜನ ಇದ್ದ ಮೇಲೆ ಅಲ್ಲೇ ಒಂದು ಸೈಟು ತಗೊಳ್ಳಿ" ಎಂದಳು ಅಕ್ಕ.

"ಅದು ಹೇಗೆ ಆಗುತ್ತೆ? ಆ ಬೀದೀಲಿ ಎಲ್ಲರಿಗೂ ನಾನು ಸುಳ್ಳು ಹೇಳಿದ್ದು ಗೊತ್ತು" ಎಂದರು ಭಾವ.

ಯಲಹಂಕದಲ್ಲಿ ಪರೀಕ್ಷೆಯ ಕ್ರಮ ಬದಲಾಯಿತು. ನಂಜುಂಡಯ್ಯನ ಸಹವಾಸ ಸಾಕಾಗಿ, ಈ ಸಲ ಜಾಗದ ಮೇಲೆ ಮಲಗಿ ನೋಡುತ್ತೇನೆ ಎಂದರು. ನಡುಮಧ್ಯಾಹ್ನ ನಿದ್ದೆ ಬರುವ ಜಾಗದಲ್ಲಿ ಬಾಳು ಚೆನ್ನಾಗಿರುತ್ತದಂತೆ. ಒಂದು ಹುಣಸೆಮರದ ಕೆಳಗೆ ಟವೆಲ್ಲು ಹಾಸಿ, ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡು ಮಲಗಿದರು. ಭಾವನ ನಿದ್ದೆ ಸಾಮಾನ್ಯದ್ದಲ್ಲ. ಗೂಡ್ಸ್ ಗಾಡಿಯ ಪಕ್ಕ ಪಳಗಿದ ನಿದ್ದೆ. ಎಚ್ಚರವಾದಾಗ ಸುತ್ತ ಒಂದು ಸಂತೆಯಷ್ಟು ಜನ. ಮೂಗಿನ ಹತ್ತಿರ ಯಾರೋ ಜಜ್ಜಿದ ಈರುಳ್ಳಿ ಹಿಡಿದಿದ್ದರು. ಬಲಗೈಯಲ್ಲಿ ಯಾರದೋ ಮನೆಯ ಬೀಗದಕೈ ಗೊಂಚಲು. ಫಿಟ್ಸ್ ಬಂದು ಬಿದ್ದಿದ್ದಾರೆ ಎಂದುಕೊಂಡು ಪಾಪ, ಅವರು ತಮಗೆ ತಿಳಿದ ಚಿಕಿತ್ಸೆ ಮಾಡುತ್ತಿದ್ದರು. ಭಾವ ಎದ್ದು ಕುಳಿತು, ಬೀಗದಕೈ ಯಾರದೆಂದು ವಿಚಾರಿಸಿ ಕೊಟ್ಟು, ಎಲ್ಲರಿಗೂ ವಂದನೆ ಹೇಳಿ, ಸೈಕಲ್ ಹತ್ತಿ ಬಂದರು.

"ಜನ ಬಂಗಾರ" ಎಂದು ತೀರ್ಪು ಕೊಟ್ಟರು. "ಆದ್ರೆ ನಿದ್ದೆ ಮಾಡೋಕೆ ಬಿಡಲ್ಲ."

ಹೀಗೆ ಭಾವ ಊರು ಸುತ್ತುತ್ತಿದ್ದಂತೆ ಅವರ ಸ್ನೇಹಿತರೆಲ್ಲ ಮನೆ ಕಟ್ಟಿ, ಬಣ್ಣ ಹೊಡೆಸಿ, ಗೇಟಿನ ಮೇಲೆ ಹೆಸರು ಬರೆಸಿಕೊಂಡರು. ಅಕ್ಕನಿಗೆ ಆಸೆಯಿದ್ದದ್ದು ಜಯನಗರ. ಅಲ್ಲಾದರೆ ಅಮ್ಮನ ಮನೆಗೆ ನಡೆದುಕೊಂಡೇ ಬಂದುಹೋಗಬಹುದಿತ್ತು. ಪ್ರತಿ ಭಾನುವಾರ ಸಂಜೆ ಭಾವ ಬಂದು ಚಪ್ಪಲಿ ಬಿಚ್ಚುವಾಗ ಅವಳು ಒಂದೇ ಮಾತು ಹೇಳುತ್ತಿದ್ದಳು. "ಜಯನಗರದಲ್ಲಿ ಜನ ಇಲ್ವೇನ್ರೀ?"

ಕೊನೆಗೆ ಒಂದು ಬೇಸಿಗೆಯ ಭಾನುವಾರ ಭಾವ ಹೆಬ್ಬಾಳದ ಕೆರೆ ದಾಟಿ, ಬಳ್ಳಾರಿ ರಸ್ತೆ ಬಿಟ್ಟು, ದ್ರಾಕ್ಷಿ ತೋಟಗಳ ನಡುವೆ ದಾರಿ ತಪ್ಪಿ ಅಮೃತಹಳ್ಳಿಗೆ ಬಂದುಬಿಟ್ಟರು. ಊರ ಮುಂದಿನ ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜಿ ಹುರುಳಿ ಕೇರುತ್ತ ಕುಳಿತಿದ್ದಳು. ಆ ಸುತ್ತಿನ ಹೊಲವೆಲ್ಲ ಅವಳ ಮನೆಯವರದೇ. ಭಾವ ಹಳೆಯ ಅಭ್ಯಾಸದಂತೆ ಮತ್ತೆ ನಂಜುಂಡಯ್ಯನನ್ನು ವಿಚಾರಿಸಿದರು. ಅಜ್ಜಿ ಮೊರ ಕೆಳಗಿಟ್ಟು ಭಾವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಅಂತೋರ್ ಯಾರೂ ಇಲ್ಲ ಇಲ್ಲಿ. ನಿನ್ ಮಕ ನೋಡುದ್ರೆ ನಿಂಗೂ ಗೊತ್ತು ಅನ್ಸುತ್ತೆ. ಇಂಗೆ ಬಿಸ್ಲಾಗೆ ಬಂದಿದ್ದೀಯ, ಕುತ್ಕೊ, ಮಜ್ಜಿಗೆ ಕುಡಿ. ಆಮೇಲ್ ಯೋಳೀವಂತೆ, ಏನ್ ಬೇಕಿತ್ತು ಅಂತ."

ಭಾವ ಕುಳಿತರು. ಮಜ್ಜಿಗೆ ಕುಡಿದರು. ಇಷ್ಟು ವರ್ಷ ಊರೂರನ್ನು ಪರೀಕ್ಷೆ ಮಾಡಿದವರನ್ನು ಒಂದು ಊರು ಪರೀಕ್ಷೆ ಮಾಡಿದ್ದು ಅದೇ ಮೊದಲು. ಸಂಜೆ ಮನೆಗೆ ಬಂದವರೇ, "ಸಿಕ್ತು" ಎಂದರು.

"ಸೈಟಾ?" ಎಂದಳು ಅಕ್ಕ.

"ಅಜ್ಜಿ" ಎಂದರು ಭಾವ.

ಜಾಗ ಕೊಡುವುದಕ್ಕೆ ಅಜ್ಜಿ ಒಂದು ಷರತ್ತು ಹಾಕಿದ್ದಳು. ಹೆಂಡತಿ ಬಂದು ನೋಡಿ ಒಪ್ಪಬೇಕು. ಮುಂದಿನ ಭಾನುವಾರ ಭಾವ ಅಕ್ಕನನ್ನೂ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಬಸ್ಸಿಳಿದು ನಡೆದೆವು, ನಡೆದೆವು, ಬೆಂಗಳೂರು ಹಿಂದಕ್ಕೆ ಹೋಗಿ ಮಾಯವಾಗುವವರೆಗೂ ನಡೆದೆವು. ರಾಗಿ ಕೊಯ್ದ ಒಂದು ಹೊಲದ ನಡುವೆ ಭಾವ ನಿಂತರು.

"ಮನೆ ಎಲ್ಲಿ ಬರುತ್ತೆ?" ಅಕ್ಕ ಕೇಳಿದಳು.

"ನೀನು ನಿಂತಿದ್ದೀಯಲ್ಲ, ಅದು ಅಡುಗೆಮನೆ."

ಅಕ್ಕ ಗಾಬರಿಯಾಗಿ ನಾಲ್ಕು ಹೆಜ್ಜೆ ಆಚೆ ಸರಿದಳು. "ಹಾಗಾದ್ರೆ ಇದು?"

"ಅದು ಬೇರೆಯವರ ಹೊಲ. ಈಚೆ ಬಾ."

ಅಕ್ಕ ಈಚೆ ಬಂದಳು, ಆದರೆ ಬಾಯಿ ಬಿಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೂ ಬಿಡಲಿಲ್ಲ. ಭಾವ ಅದನ್ನು ಒಪ್ಪಿಗೆ ಎಂದು ಅಜ್ಜಿಗೆ ವರದಿ ಮಾಡಿದರು. ಅಕ್ಕನ ಆ ಒಪ್ಪಿಗೆ ಪಾಯ ತೋಡಿ ಗೋಡೆ ಏಳುವವರೆಗೂ ಹಾಗೇ ಮೌನವಾಗಿ ಮುಂದುವರಿಯಿತು. ಒಂದು ದಿನ ನಾನೇ ಕೇಳಿಬಿಟ್ಟೆ.

"ಭಾವ, ಅಕ್ಕನಿಗೆ ಇಷ್ಟ ಇಲ್ಲ ಅಂತ ನಿಮಗೆ ಗೊತ್ತಿದೆ. ಆದ್ರೂ ಯಾಕೆ ಹಟ?"

ಭಾವ ಎಂದಿನ ತಮಾಷೆ ಬಿಟ್ಟು ಉತ್ತರ ಕೊಟ್ಟರು. "ನಾನು ಶಿಫ್ಟಿಗೆ ಹೋದ್ರೆ ಇವಳು ಒಬ್ಬಳೇ. ನಮಗೆ ಮಕ್ಕಳಾಗಲಿಲ್ಲ. ನಾಳೆ ನಾನು ಮನೇಲಿಲ್ಲದಾಗ ಇವಳು ಬಿದ್ದರೆ ಎತ್ತೋರು ಬೇಕಲ್ಲಮ್ಮ. ಗೋಡೆ ಎಲ್ಲಿ ಬೇಕಾದ್ರೂ ಕಟ್ಟಬಹುದು. ಜನರನ್ನ ಕಟ್ಟೋಕಾಗುತ್ತಾ?"

ಮರುಕ್ಷಣವೇ, "ಇದನ್ನ ಅವಳಿಗೆ ಹೇಳ್ಬೇಡ. ಹೆದರ್ಕೋತಾಳೆ" ಎಂದು ಸೈಕಲ್ ಹತ್ತಿದರು. ನಾನು ಹೇಳಲಿಲ್ಲ.

ಗೃಹಪ್ರವೇಶಕ್ಕೆ ಅಮ್ಮನನ್ನು ನಾನು ಆಟೋದಲ್ಲಿ ಕರೆದುಕೊಂಡು ಹೊರಟೆ. ಹೆಬ್ಬಾಳ ಬಂದ ಕೂಡಲೇ ಆಟೋದವನು ಬ್ರೇಕ್ ಹಾಕಿದ.

"ಇಳೀರಮ್ಮ. ಇಲ್ಲಿಂದ ಆಚೆ ಬೆಂಗ್ಳೂರಲ್ಲ."

"ಹಾಗಾದ್ರೆ ಏನಪ್ಪಾ ಅದು?" ಅಮ್ಮ ಕೇಳಿದಳು.

"ಅದು ಬಳ್ಳಾರಿ ಕಡೆ" ಎಂದ.

ಮಗಳ ಮನೆ ಬಳ್ಳಾರಿಯಲ್ಲಿದೆ ಎಂದು ಅಮ್ಮ ಹೆಬ್ಬಾಳದಲ್ಲೇ ಅಳಲು ಶುರುಮಾಡಿದಳು. ಅವಳ ಅಳು ನೋಡಿ ಆಟೋದವನೇ ಕರಗಿ, ಬಾಯಿ ಮುಚ್ಚಿಕೊಂಡು ಅಮೃತಹಳ್ಳಿಯವರೆಗೂ ಬಿಟ್ಟ. ಅಷ್ಟೇ ಅಲ್ಲ, ಕೂತು ಊಟವನ್ನೂ ಮಾಡಿಕೊಂಡು ಹೋದ.

ಹೊಸ ಮನೆಯಲ್ಲಿ ಮೊದಮೊದಲು ಕರೆಂಟಿರಲಿಲ್ಲ. ನೀರು ಅಜ್ಜಿಯ ಬಾವಿಯಿಂದ ಬರಬೇಕು. ಪೇಪರು ಮಧ್ಯಾಹ್ನ ಬರಬೇಕು. ಜಕ್ಕೂರಿನಲ್ಲಿ ಹಾರಾಟ ಕಲಿಯುವವರ ಚಿಕ್ಕ ವಿಮಾನಗಳು ಮಾತ್ರ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಗುಂಯ್‌ಗುಟ್ಟುತ್ತಿದ್ದವು. ಭಾವ ಕಾರ್ಖಾನೆಯಲ್ಲಿ, "ನಮಗೆ ಬಸ್ ಸ್ಟಾಪು ದೂರ, ಆದ್ರೆ ಏರೋಡ್ರೋಮ್ ಹತ್ತಿರ" ಎಂದು ಜಂಬ ಕೊಚ್ಚುತ್ತಿದ್ದರು. ತಾವು ದಿನಾ ಹೆಬ್ಬಾಳದವರೆಗೆ ಸೈಕಲ್ ತುಳಿದು ಕಾರ್ಖಾನೆ ಬಸ್ಸು ಹಿಡಿಯುತ್ತಿದ್ದರು. ಯಾವತ್ತೂ ಸುಸ್ತು ಎನ್ನಲಿಲ್ಲ. ನಾವು ಯಾರಾದರೂ ಹೋದರೆ, ಮನೆ ತೋರಿಸುವ ಮುಂಚೆ ಊರನ್ನು ತೋರಿಸುತ್ತಿದ್ದರು. ಇದು ಆಲದ ಮರ, ಇದು ಅಜ್ಜಿಯ ದನದ ಕೊಟ್ಟಿಗೆ, ಇದು ಯಾರ ಮನೆಯದೂ ಅಲ್ಲದ ನಾಯಿ. ಊರಿನ ಹೊಸ ಅಳಿಯನಿಗೆ ಇರುವಷ್ಟು ಸಂಭ್ರಮ ಅವರಿಗೆ. ಅಕ್ಕ ಹಿಂದಿನಿಂದ, "ಜಯನಗರದಲ್ಲೂ ನಾಯಿಗಳಿವೆ" ಎನ್ನುತ್ತಿದ್ದಳು. ವರ್ಷಗಳಾದರೂ ಆ ಮಾತು ಬಿಡಲಿಲ್ಲ.

ಎಂಬತ್ತರ ದಶಕದ ನಡುವೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನನಗೆ ಡ್ಯೂಟಿ ತಪ್ಪಿಸುವಂತಿರಲಿಲ್ಲ. ಅಕ್ಕ ದಿನವೂ ಬೆಳಗ್ಗೆ ಅಡುಗೆ ಮುಗಿಸಿ, ಎರಡು ಬಸ್ಸು ಬದಲಾಯಿಸಿ ಬಸವನಗುಡಿಗೆ ಬರುವಳು. ಅಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಊಟ ಹಾಕಿ, ಮತ್ತೆ ಎರಡು ಬಸ್ಸು. ಮುಖ ಸಣ್ಣಗಾಯಿತು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುತ್ತೇನೆ ಎಂದು ನಗುತ್ತ ಹೇಳಿದಳು. ಅದನ್ನು ಕೇಳಿದ ಭಾವ ನಗಲಿಲ್ಲ.

ಒಂದು ಭಾನುವಾರ ಅವರು ನನಗೆ ಬರಹೇಳಿ ಕಳಿಸಿದರು. ಅಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋದೆ. ನೋಡಿದರೆ ಮನೆಯಲ್ಲಿ ಯಾರೋ ದಂಪತಿ ಕುಳಿತಿದ್ದಾರೆ. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಮನೆ ಕೊಳ್ಳಲು ಬಂದವರು. ಭಾವ ಯಾರಿಗೂ ಹೇಳದೆ ಮನೆ ಮಾರಲು ನಿಶ್ಚಯಿಸಿದ್ದರು. ಅದೇ ಜಯನಗರದಲ್ಲಿ ಒಂದು ಚಿಕ್ಕ ಮನೆಯನ್ನೂ ನೋಡಿಟ್ಟಿದ್ದರಂತೆ. ಹತ್ತು ವರ್ಷ ಸೈಕಲ್ ತುಳಿದು ಹುಡುಕಿದ ಊರನ್ನು ಬಿಡುವ ಮನುಷ್ಯ, ಬಂದವರಿಗೆ ಕಿಟಕಿ ಬಾಗಿಲು ತೋರಿಸುತ್ತಿದ್ದರು. ಧ್ವನಿಯಲ್ಲಿ ಜೀವವಿರಲಿಲ್ಲ. ಆಲದ ಮರದ ಮಾತೇ ಎತ್ತಲಿಲ್ಲ.

"ನಮಗೆ ಶಾಂತವಾದ ಜಾಗ ಬೇಕು" ಎಂದರು ಬಂದ ಹಿರಿಯರು.

ಕಾಫಿ ತಂದಿಟ್ಟ ಅಕ್ಕ ಸೆರಗು ಸರಿಮಾಡಿಕೊಂಡು ಎದುರಿಗೆ ಕುಳಿತಳು.

"ಜಾಗ ಶಾಂತವಾಗಿದೆ. ಹಾವಿನ ಕಾಟ ಒಂದು ಬಿಟ್ರೆ."

ಆ ಹೆಂಗಸು ಲೋಟ ಕೆಳಗಿಟ್ಟರು. "ಹಾವಾ?"

"ಹೆದರ್ಬೇಡಿ, ಏನೂ ಮಾಡಲ್ಲ. ನೀವು ಕೂತಿದ್ದೀರಲ್ಲ, ಆ ಬೆಂಚಿನ ಕೆಳಗೇ ಬರುತ್ತೆ, ಸ್ವಲ್ಪ ಹೊತ್ತಿದ್ದು ಹೋಗುತ್ತೆ."

ಆಕೆ ಎರಡೂ ಕಾಲನ್ನು ಬೆಂಚಿನ ಮೇಲೆ ಎತ್ತಿಕೊಂಡರು. ಭಾವ ಬೆರಗಾಗಿ ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ನಿಲ್ಲಿಸಲಿಲ್ಲ.

"ಇನ್ನು ಇಲ್ಲಿ ಜನ. ಅವರ ಜೊತೆ ನಿಮ್ಮಂಥೋರಿಗೆ ಆಗಲ್ಲ. ಬಾಗಿಲು ತಟ್ಟೋ ಪದ್ಧತಿನೇ ಇಲ್ಲ, ನೆಟ್ಟಗೆ ಅಡುಗೆಮನೆಗೇ ಬರ್ತಾರೆ. ಅವರೆಕಾಯಿ ಕಾಲದಲ್ಲಿ ಜಗಲಿ ಮೇಲೆ ರಾಶಿ ಸುರಿದು ಹೋಗ್ತಾರೆ, ಬೇಡ ಅಂದ್ರೆ ಬೈತಾರೆ. ಹೋದ ವರ್ಷ ನನಗೆ ಟೈಫಾಯ್ಡ್ ಆಗಿತ್ತು. ಆ ಅಜ್ಜಿ, ನೋಡಿ, ಆ ಮುಂದಿನ ಮನೆಯೋಳು, ಇಲ್ಲೇ ನನ್ನ ಮಂಚದ ಪಕ್ಕ ಚಾಪೆ ಹಾಕ್ಕೊಂಡು ಮಲಗಿಬಿಟ್ಟಳು. ಜ್ವರ ಬಿಡೋವರೆಗೂ ಮನೆಗೆ ಹೋಗಲಿಲ್ಲ. ಹೋಗು ಅಂದ್ರೂ ಹೋಗಲಿಲ್ಲ. ಇಂಥ ಜನಗಳ ಮಧ್ಯೆ..." ಎನ್ನುತ್ತಲೇ ಎದ್ದಳು. ಖಾಲಿ ಲೋಟಗಳನ್ನು ಬಳಿದುಕೊಂಡು ಒಳಗೆ ಹೋಗಿಬಿಟ್ಟಳು.

ದಂಪತಿ ಆಮೇಲೆ ಹೆಚ್ಚು ಹೊತ್ತು ಕೂರಲಿಲ್ಲ. ಅವರು ಗೇಟು ದಾಟಿದ ಮೇಲೆ ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನೀನೇ ಅಲ್ವೇನೇ, ಇಷ್ಟು ವರ್ಷ ಜಯನಗರ ಜಯನಗರ ಅಂತಿದ್ದೋಳು?"

"ಅಂತಿದ್ದೆ. ಈ ಊರೇ ಚೆನ್ನಾಗಿದೆ ಅಂದ್ರೆ ನೀವು ಗೆದ್ದ ಹಾಗಾಗ್ತಿತ್ತಲ್ಲ" ಎಂದಳು ಅಕ್ಕ, ಲೋಟ ತೊಳೆಯುತ್ತ. "ಮನೆ ಮಾರೋದು ಬೇಡ. ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬನ್ನಿ. ನಾನು ಕರೆದ್ರೆ ಮಗಳ ಮನೇಲಿ ಇರಬಾರದು ಅಂತಾಳೆ. ನೀವು ಕರೀರಿ."

ಯಾವ ಮಾತಿಗೂ ಉತ್ತರ ಸಿದ್ಧವಿಟ್ಟುಕೊಂಡಿದ್ದ ಭಾವ ಅವತ್ತು ತೊಳೆದ ಲೋಟಗಳನ್ನು ಒರೆಸಿಡತೊಡಗಿದರು.

ಮಾರನೆಯ ಬೆಳಗ್ಗೆ ಅವರು ಬಸವನಗುಡಿಗೆ ಟ್ಯಾಕ್ಸಿ ತಂದರು. ಅಮ್ಮ ಬೇಡ ಎಂದಳು, ಶಾಸ್ತ್ರ ಹೇಳಿದಳು, ಲೋಕ ಏನನ್ನುತ್ತದೆ ಎಂದಳು. ಭಾವ ಎಲ್ಲವನ್ನೂ ಕೈಕಟ್ಟಿ ಕೇಳಿಸಿಕೊಂಡು, "ಆಯ್ತು ಅತ್ತೆ, ಬನ್ನಿ" ಎಂದರು. ಅಮ್ಮನ ಬಟ್ಟೆಬರೆ, ನನ್ನ ಬಟ್ಟೆಬರೆ, ಎಲ್ಲ ಹೊರಟಿತು. ಅಮೃತಹಳ್ಳಿಯಲ್ಲಿ ರಾತ್ರಿ ಮಳೆಯಾಗಿತ್ತು. ಓಣಿಯೆಲ್ಲ ಕೆಸರು. ಟ್ಯಾಕ್ಸಿ ಅಜ್ಜಿಯ ಮನೆಯಿಂದ ಮುಂದಕ್ಕೆ ಹೋಗಲಿಲ್ಲ. ಅಮ್ಮನಿಗೆ ಒಂದು ಹೆಜ್ಜೆ ಇಡಲೂ ಆಗದು. ಭಾವ ಪ್ಯಾಂಟು ಮಡಿಸಿಕೊಂಡು, ಬಗ್ಗಿ, ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಬೇಡ, ಅಳಿಯಂದಿರೇ, ಬೇಡ. ಜನ ನೋಡ್ತಾರೆ" ಎಂದು ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಜನ ನೋಡುತ್ತಲೇ ಇದ್ದರು. ಜಗಲಿಯಿಂದ ಅಜ್ಜಿ ಎದ್ದು ನಿಂತು, "ಎತ್ಕೊಂಡ್ ಬಾ, ಎತ್ಕೊಂಡ್ ಬಾ. ನಂಗೂ ಜೊತೆಗೊಬ್ಳು ಬಂದ್ಲು" ಎಂದಳು. ಭಾವ ಕೆಸರಿನಲ್ಲಿ ಕಾಲು ಜಾರದಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಾನು ಹಾಸಿಗೆಯ ಗಂಟು ಹೊತ್ತು ಹಿಂದೆ ನಡೆಯುತ್ತಿದ್ದೆ. ಅಷ್ಟು ವರ್ಷ ಅಮ್ಮ ಅಳಿಯನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ. ಅವರ ಎದುರು ಕುರ್ಚಿಯಲ್ಲಿ ಕುಳಿತವಳೂ ಅಲ್ಲ. ಅರ್ಧ ದಾರಿಯಲ್ಲಿ ಅವಳು ಮುಖದ ಮೇಲಿನ ಸೆರಗು ತೆಗೆದು ಭಾವನ ಮುಖವನ್ನು ನೋಡಿದಳು. ಅವರ ಹಣೆಯ ಮೇಲೆ ಇಳಿಯುತ್ತಿದ್ದ ಬೆವರನ್ನು ಅದೇ ಸೆರಗಿನಿಂದ ಒರೆಸಿದಳು.

"ಭಾರ ಆಯ್ತೇನೋ, ಮಗು?" ಎಂದು ಕೇಳಿದಳು.

ಭಾವ ಹೆಜ್ಜೆಯನ್ನು ಇನ್ನಷ್ಟು ನಿಧಾನ ಮಾಡಿದರು.